ಈಜುಕೊಳದ ನೀರಿಗೆ ಅಡುಗೆ ಸೋಡಾ ಬೇಕೆ?

ಬೇಸಿಗೆ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಮಕ್ಕಳಿಗೆ ಬಾವಿಯೇ ಈಜುಶಾಲೆ. ಈಗ ಅಲ್ಲಲ್ಲಿ ಸಿಮೆಂಟಿನ ಕೊಳಗಳೂ ಬಂದಿವೆ. ಕೊಳದ ನೀರನ್ನು ಮನೆಯಲ್ಲಿರುವ ಬ್ಲೀಚಿಂಗ್ ಪುಡಿ, ಅಡುಗೆ ಸೋಡಾ, ವಿನೆಗರ್‌ಗಳಿಂದಲೇ ಹದಗೊಳಿಸಬಹುದು ಎಂಬ ಸಲಹೆಯನ್ನು ನೀವು ಕೇಳಿರಬಹುದು. ನಮ್ಮ ನೀರಿಗೆ ಅದು ಹೊಂದುತ್ತದೆಯೇ? ಲೆಕ್ಕ ಹಾಕಿ ನೋಡೋಣ.

ಕ್ಲೋರಿನ್ನಿನ ಎರಡು ರೂಪಗಳು

ಬ್ಲೀಚಿಂಗ್ ಪುಡಿ ನೀರಿನಲ್ಲಿ ಕರಗಿದಾಗ ಹೈಪೊಕ್ಲೋರಸ್ ಆಮ್ಲ ಮತ್ತು ಹೈಪೊಕ್ಲೋರೈಟ್ ಅಯಾನು ಎರಡೂ ಉಂಟಾಗುತ್ತವೆ. ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು ಮೊದಲನೆಯದು. ಎರಡನೆಯದರ ಶಕ್ತಿ ಬಹಳ ಕಡಿಮೆ. ಇವುಗಳ ಪಾಲನ್ನು ನಿರ್ಧರಿಸುವುದು ನೀರಿನ ಪಿಎಚ್. ಪಿಎಚ್ 7.2 ಇದ್ದಾಗ ಸುಮಾರು ಮೂರನೇ ಎರಡು ಭಾಗ ಆಮ್ಲರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ರಲ್ಲಿ ಕಾಲು ಭಾಗ, 8.5ರಲ್ಲಿ ಹತ್ತನೇ ಒಂದಕ್ಕಿಂತಲೂ ಕಡಿಮೆ. ಅಂದರೆ ಪುಡಿ ಅಷ್ಟೇ ಹಾಕಿದರೂ ರಕ್ಷಣೆ ಅಷ್ಟೇ ದೊರೆಯದು. ಕೊಳದ ಪಿಎಚ್ 7.2ರಿಂದ 7.8ರೊಳಗೆ ಇರಬೇಕೆನ್ನುವುದು ಇದಕ್ಕಾಗಿ.

ಇದು ಬರೀ ಪುಸ್ತಕದ ಮಾತಲ್ಲ. ನೆರೆಯ ಕೇರಳದಲ್ಲಿ 2024ರಲ್ಲಿ ಕೆರೆಕೊಳಗಳಲ್ಲಿ ಮಿಂದ ಮಕ್ಕಳು ಅಮೀಬಾದಿಂದ ಬರುವ ಮಿದುಳು ಜ್ವರಕ್ಕೆ ಬಲಿಯಾದರು. ಬೆಚ್ಚಗಿನ ನೀರಿನಲ್ಲಿ ಬೆಳೆಯುವ ಈ ಅಮೀಬಾ ಮೂಗಿನ ಮೂಲಕ ಒಳಸೇರುತ್ತದೆ. ನಮ್ಮ ಬೇಸಿಗೆಯ ನೀರೂ ಬೆಚ್ಚಗೇ ಇರುತ್ತದೆ.

ಸೋಡಾ ಏಕೆ ಬೇಡ?

ಅಡುಗೆ ಸೋಡಾ ನೀರಿನ ಕ್ಷಾರತೆಯನ್ನು ಹೆಚ್ಚಿಸುತ್ತದೆ. 10,000 ಲೀಟರ್ ನೀರಿನ ಕ್ಷಾರತೆಯನ್ನು ಲೀಟರಿಗೆ 10 ಮಿಲಿಗ್ರಾಂ ಏರಿಸಲು 168 ಗ್ರಾಂ ಸೋಡಾ ಸಾಕು. ಮೆದು ನೀರಿರುವ ನಾಡುಗಳಿಗೆ ಇದು ಒಳ್ಳೆಯ ಉಪಾಯ. ಕೊಳಕ್ಕೆ ಬೇಕಾದ ಕ್ಷಾರತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ. ನಮ್ಮ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಅದರ ಕ್ಷಾರತೆ ಇದನ್ನು ಸುಲಭವಾಗಿ ಮೀರುತ್ತದೆ. ಮೇಲಾಗಿ, ನೆಲದಾಳದ ನೀರು ತೆರೆದ ಕೊಳಕ್ಕೆ ಬಂದಾಗ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ತಾನಾಗಿಯೇ ಏರುತ್ತದೆ. ಬ್ಲೀಚಿಂಗ್ ಪುಡಿಯಲ್ಲಿರುವ ಸುಣ್ಣ ಅದನ್ನು ಇನ್ನಷ್ಟು ಏರಿಸುತ್ತದೆ. ಇದರ ಮೇಲೆ ಸೋಡಾ ಹಾಕುವುದು ಉಪ್ಪಾದ ಸಾರಿಗೆ ಮತ್ತೆ ಉಪ್ಪು ಹಾಕಿದಂತೆ.

ಹಾಗಾದರೆ ನಿಂಬೆಹಣ್ಣು? 10,000 ಲೀಟರ್ ನೀರಿನ ಕ್ಷಾರತೆಯನ್ನು 300ರಿಂದ 100ಕ್ಕೆ ಇಳಿಸಬೇಕೆಂದುಕೊಳ್ಳಿ. ತೆಗೆಯಬೇಕಾದದ್ದು 2 ಕಿಲೋಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ, ಅಂದರೆ 40 ಮೋಲ್ ಆಮ್ಲ ಬೇಕು. ನಿಂಬೆ ರಸವಾದರೆ ಸುಮಾರು 50 ಲೀಟರ್! ಹಣ್ಣಿಗೆ 30 ಮಿಲಿಲೀಟರಿನಂತೆ 1,600ಕ್ಕೂ ಹೆಚ್ಚು ಹಣ್ಣು. ವಿನೆಗರ್ ಕೂಡ ಅಷ್ಟೇ ಬೇಕು. ಸಾಲದ್ದಕ್ಕೆ ನಿಂಬೆಯ ಸಿಟ್ರಿಕ್ ಆಮ್ಲ ಕ್ಲೋರಿನ್ನನ್ನೇ ತಿಂದುಹಾಕುತ್ತದೆ.

ಪಾಯಿಖಾನೆ ತೊಳೆಯುವ ಆ್ಯಸಿಡ್ ಇದೆಯಲ್ಲ ಎನ್ನಬಹುದು. ಅದು ಬ್ಲೀಚಿಂಗ್ ಪುಡಿಯೊಂದಿಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅವೆರಡನ್ನೂ ಎಂದಿಗೂ ಒಂದೇ ಬಕೀಟಿನಲ್ಲಿ ಬಳಸಬೇಡಿ; ಶಾಲೆಯಲ್ಲಂತೂ ಈ ದಾರಿಯೇ ಬೇಡ.

ಮಾಡಬಹುದಾದ್ದು

ಸುಲಭದ ದಾರಿ ಮಳೆನೀರು ಬೆರೆಸುವುದು. ಮಳೆನೀರಿನಲ್ಲಿ ಕ್ಷಾರತೆ ಇಲ್ಲವೆನ್ನುವಷ್ಟು ಕಡಿಮೆ. ಕ್ಷಾರತೆ 300 ಇರುವ ಒಂದು ಪಾಲು ಕೊಳವೆ ಬಾವಿ ನೀರಿಗೆ ಎರಡು ಪಾಲು ಮಳೆನೀರು ಸೇರಿಸಿದರೆ ಅದು ಸುಮಾರು 100ಕ್ಕೆ ಇಳಿಯುತ್ತದೆ. ಶಹಾಪುರ, ಸುರಪುರಗಳಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರೂ ಸಿಗುತ್ತದೆ. ಅದು ಬಗ್ಗಡವಾಗಿದ್ದರೆ ಆಲಂ ಹಾಕಿ ತಿಳಿಗೊಳಿಸಿ; ಆಲಂ ಕ್ಷಾರತೆಯನ್ನೂ ಸ್ವಲ್ಪ ಇಳಿಸುತ್ತದೆ.

ನಂತರ ಬ್ಲೀಚಿಂಗ್ ಪುಡಿ. ಹೊಸ ಪುಡಿಯಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. 10,000 ಲೀಟರಿಗೆ ಲೀಟರಿಗೊಂದು ಮಿಲಿಗ್ರಾಂ ಕ್ಲೋರಿನ್ ಸಿಗಲು 30 ಗ್ರಾಂ ಬೇಕು. ಬಿಸಿಲಿಗೆ ಶಕ್ತಿ ಕುಂದಿ ಶೇ. 20ಕ್ಕೆ ಇಳಿದ ಪುಡಿಯಾದರೆ 50 ಗ್ರಾಂ. ಪುಡಿಯನ್ನು ಪ್ಲಾಸ್ಟಿಕ್ ಬಕೀಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಜೆ ಹೊತ್ತು ಕೊಳಕ್ಕೆ ಸುರಿಯಿರಿ. ಹಗಲಿನ ಬಿಸಿಲು ಕ್ಲೋರಿನ್ನನ್ನು ಬೇಗ ಒಡೆದುಬಿಡುತ್ತದೆ. ನೀರಿನಲ್ಲಿರುವ ಕೊಳೆ ಒಂದಿಷ್ಟನ್ನು ನುಂಗುವುದರಿಂದ, ಮಕ್ಕಳು ಇಳಿಯುವ ಮುನ್ನ ಉಳಿಕೆ ಕ್ಲೋರಿನ್ 1ರಿಂದ 3 ಮಿಲಿಗ್ರಾಂ ಇದೆಯೇ ಎಂದು ಪರೀಕ್ಷಾ ಕಿಟ್‌ನಿಂದ ನೋಡಲೇಬೇಕು. ಅರಿಸಿನದ ಕಾಗದ ಇಲ್ಲಿ ಸಾಲದು, ಅದು 7.2 ಮತ್ತು 7.8ರ ವ್ಯತ್ಯಾಸವನ್ನು ತೋರಿಸದು.

ಕೊನೆಗೊಂದು ಮಾತು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಕರಗಿದ ವಿಷವನ್ನು ತೆಗೆಯದು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆ ಬಾವಿ ನೀರಿನಲ್ಲಿ ಆರ್ಸೆನಿಕ್ ಕಂಡುಬಂದದ್ದು ನಿಮಗೆ ತಿಳಿದಿರಬಹುದು. ಆದ್ದರಿಂದ ಮೊದಲು ನಿಮ್ಮೂರಿನ ನೀರನ್ನು ಪರೀಕ್ಷೆ ಮಾಡಿಸಿ. ಪಿಎಚ್, ಕ್ಷಾರತೆ, ಗಡಸುತನಗಳನ್ನು ವಿದ್ಯಾರ್ಥಿಗಳಿಂದಲೇ ಪಟ್ಟಿ ಮಾಡಿಸಿ. ಬೇರೆ ನಾಡಿನ ನೀರಿಗೆ ಬರೆದ ಚೀಟಿ ನಮ್ಮ ನೀರಿಗೆ ಮದ್ದಾಗದು ಎಂಬುದು ಅವರಿಗೇ ತಿಳಿಯುತ್ತದೆ.