ಒಂದೇ ಪಾಠಕ್ಕೆ ಇಬ್ಬರು ಲಿಪಿಕಾರರು: ಬ್ರೌಸರ್ ಮತ್ತು ಸ್ಥಳೀಯ ಸರ್ವರುಗಳ ನಡುವೆ ಕಡತಘರ್ಷಣೆ

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಪಾಠಲೋಪವು ಹೊಸ ಸಂಗತಿಯೇನಲ್ಲ. ೧೯೩೯ರಲ್ಲಿ ಪ್ರೊ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಧವಲಾಟೀಕಾಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟವು ಪ್ರಕಟವಾದಾಗ ಸಂಪಾದಕರಿಗೆ ಆಧಾರವಾಗಿದ್ದವು ಮೂಡಬಿದಿರೆಯ ತಾಳೆಗರಿ ಪ್ರತಿಗಳಲ್ಲ. ಅವುಗಳಿಂದ ಹೊರಟ ನಕಲುಗಳ ಪರಂಪರೆಗೆ ಸೇರಿದ ಅಮರಾವತಿ, ಆರಾ ಮತ್ತು ಕಾರಂಜಾ ಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಈ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥಸಂಗತಿಯಿಂದ ಆ ಪದ ಇರಬೇಕೆಂದು ಊಹಿಸಿ ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ತಾಳೆಗರಿಯೊಡನೆ ಹೋಲಿಸಿದಾಗ ಆ ಪದ ಅಲ್ಲಿರುವುದು ದೃಢಪಟ್ಟಿತು. ಒಂದೇ ಪದದ ಇರವು-ಇಲ್ಲಮೆಗಳು ಸಿದ್ಧಾಂತದ ಮಹಾಚರ್ಚೆಗೆ ಕಾರಣವಾದುದು ವಿದ್ವಾಂಸರಿಗೆ ವಿದಿತವೇ ಆಗಿದೆ.

ಅಲ್ಲಿ ಪದವು ಬಿದ್ದುಹೋಗಿದ್ದರೂ ಮೂಲಪ್ರತಿಯು ಉಳಿದಿತ್ತು. ಇಂದು ಹಸ್ತಪ್ರತಿ-ಶಾಸನಗಳ ಪಾಠಗಳನ್ನು ಗಣಕಯಂತ್ರದಲ್ಲಿ ಸಿದ್ಧಪಡಿಸುವಾಗ ಸಂಭವಿಸುವ ಲೋಪದಲ್ಲಿ ಈ ಸಮಾಧಾನವೂ ಇರುವುದಿಲ್ಲ. ಹಳೆಯ ಲಿಪಿಕಾರನು ಅಕ್ಷರವನ್ನು ಹೊಡೆದುಹಾಕಿದರೆ ಗೆರೆಯಾದರೂ ಉಳಿಯುತ್ತಿತ್ತು. ಒಂದು ಕಡತದ ಮೇಲೆ ಮತ್ತೊಂದನ್ನು ಉಳಿಸಿದಾಗ ಮೊದಲಿನದರ ಗುರುತೇ ಉಳಿಯುವುದಿಲ್ಲ. ಆದುದರಿಂದ ಈ ಘರ್ಷಣೆಯ ಸ್ವರೂಪವನ್ನೂ ಪರಿಹಾರವನ್ನೂ ತಿಳಿದಿರುವುದು ಪಾಠಸಂಪಾದಕನಿಗೆ ಅಗತ್ಯವಾಗಿದೆ.

ಉಳಿಸುವ ಕ್ರಮ

ವಾಚನಾಲಯದ ಒಂದು ಗಣಕಯಂತ್ರದಲ್ಲಿ ಕಡತಗಳನ್ನಿರಿಸಿ, ಇತರರು ತಮ್ಮ ತಮ್ಮ ಯಂತ್ರಗಳ ಬ್ರೌಸರಿನ ಮೂಲಕ ಅವುಗಳನ್ನು ತಿದ್ದುವ ವ್ಯವಸ್ಥೆಗೆ ಸ್ಥಳೀಯ ಸರ್ವರ್ ಎಂದು ಹೆಸರು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೆಂದರೆ, ಬ್ರೌಸರಿನಲ್ಲಿ ಕಾಣುವುದು ಮೂಲಕಡತವಲ್ಲ, ಅದರ ಒಂದು ನಕಲು. ತಿದ್ದುವವನು ತಿದ್ದುವುದು ಆ ನಕಲನ್ನು. ‘ಉಳಿಸು’ ಎಂದಾಗ ಆ ನಕಲು ಇಡಿಯಾಗಿ ಸರ್ವರಿಗೆ ಹೋಗಿ ಅಲ್ಲಿದ್ದ ಕಡತದ ಸ್ಥಾನವನ್ನು ಆಕ್ರಮಿಸುತ್ತದೆ. ತಿದ್ದಿದ್ದು ಒಂದೇ ಅಕ್ಷರವಾದರೂ ಬದಲಾಗುವುದು ಇಡೀ ಕಡತ.

ಒಂದು ನಿದರ್ಶನವನ್ನು ಭಾವಿಸಬಹುದು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಅಂದಿನ ಕೋಲಾರ ಜಿಲ್ಲೆಯ ಶಾಸನಗಳಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳೂ, ನಂದಿಯ ಬಳಿಯ ಗೋಪಿನಾಥ ಬೆಟ್ಟದ ಪ್ರಸಿದ್ಧ ಜೈನ ಶಾಸನವೂ ಅದರಲ್ಲಿ ಸೇರಿವೆ. ಈ ನಾಲ್ಕು ತಾಲ್ಲೂಕುಗಳ ಪಾಠಗಳನ್ನು ನಾಲ್ವರು ಒಂದೇ ಸರ್ವರಿನಲ್ಲಿ ಸಿದ್ಧಪಡಿಸುತ್ತಿರುವರೆನ್ನೋಣ. ಹಳಗನ್ನಡದ ಒಂದು ಶಾಸನವನ್ನು ಇಬ್ಬರು ಹತ್ತು ಗಂಟೆಗೆ ತೆರೆಯುತ್ತಾರೆ. ಒಬ್ಬನು ಎರಡನೆಯ ಸಾಲಿನ ‘ರ’ಕಾರವನ್ನು ‘ಱ’ ಎಂದು ತಿದ್ದಿ ಹತ್ತೂವರೆಗೆ ಉಳಿಸುತ್ತಾನೆ. ಇನ್ನೊಬ್ಬನು ಐದನೆಯ ಸಾಲಿನ ‘ಳ’ಕಾರವನ್ನು ‘ೞ’ ಎಂದು ತಿದ್ದಿ ಹನ್ನೊಂದಕ್ಕೆ ಉಳಿಸುತ್ತಾನೆ. ಎರಡನೆಯವನ ನಕಲಿನಲ್ಲಿ ಮೊದಲಿನವನ ತಿದ್ದುಪಡಿ ಇಲ್ಲ. ಆದುದರಿಂದ ‘ಱ’ಕಾರವು ಮಾಯವಾಗುತ್ತದೆ. ಉಳಿಸಲಾಯಿತೆಂಬ ಸೂಚನೆ ಇಬ್ಬರಿಗೂ ದೊರೆತಿರುತ್ತದೆ. ದೋಷವು ಮೌನವಾಗಿರುವುದೇ ಇಲ್ಲಿನ ಅಪಾಯ.

ಘರ್ಷಣೆಯ ಇತರ ಕಾರಣಗಳು

ಮೊದಲನೆಯದು ಹೆಸರಿನ ಸಾಂಕರ್ಯ. ಮೇಲ್ಕಂಡ ಸಂಪುಟದಲ್ಲಿ ಶಾಸನಸಂಖ್ಯೆಗಳು ಪ್ರತಿಯೊಂದು ತಾಲ್ಲೂಕಿಗೂ ಒಂದರಿಂದಲೇ ಆರಂಭವಾಗುತ್ತವೆ. ‘೧೨’ ಎಂದಷ್ಟೇ ಕಡತಕ್ಕೆ ಹೆಸರಿಟ್ಟರೆ ಚಿಂತಾಮಣಿಯ ೧೨ನೆಯ ಶಾಸನವು ಶಿಡ್ಲಘಟ್ಟದ ೧೨ನೆಯದನ್ನು ಅಳಿಸಿಬಿಡುತ್ತದೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದರಿಂದ ಇದಕ್ಕೆ ವಿಪರೀತವಾದ ತೊಡಕೂ ಉಂಟು: ಒಂದೇ ಶಾಸನವು ‘ಕೋಲಾರ’, ‘ಚಿಕ್ಕಬಳ್ಳಾಪುರ’ ಎಂಬ ಎರಡು ಫೋಲ್ಡರುಗಳಲ್ಲಿ ಸೇರಿ, ಎರಡು ಪಾಠಗಳು ಬೇರೆ ಬೇರೆಯಾಗಿ ಬೆಳೆಯುತ್ತವೆ.

ಎರಡನೆಯದು ಬ್ರೌಸರಿನ ಸಂಗ್ರಹ. ವೇಗಕ್ಕಾಗಿ ಬ್ರೌಸರು ಹಿಂದೆ ತಂದ ನಕಲನ್ನು ತನ್ನಲ್ಲಿಯೇ ಇಟ್ಟುಕೊಂಡಿರುತ್ತದೆ. ಸರ್ವರಿನಲ್ಲಿ ಹೊಸ ಪಾಠವಿದ್ದರೂ ಹಳೆಯ ನಕಲನ್ನೇ ತೋರಿಸಿದರೆ ತಿದ್ದುವವನು ಅದರ ಮೇಲೆಯೇ ಕೆಲಸ ಮಾಡುತ್ತಾನೆ. ಒಂದೇ ಕಡತವನ್ನು ಒಬ್ಬನೇ ಎರಡು ಕಿಟಕಿಗಳಲ್ಲಿ ತೆರೆದಿದ್ದರೂ ಪರಿಣಾಮ ಇದೇ.

ಮೂರನೆಯದು ವಿಳಾಸಭೇದ. ‘ಲೋಕಲ್‌ಹೋಸ್ಟ್’ ಎಂಬುದೂ ‘೧೨೭.೦.೦.೧’ ಎಂಬುದೂ ಸಾಮಾನ್ಯವಾಗಿ ಒಂದೇ ಯಂತ್ರವನ್ನು ಸೂಚಿಸುತ್ತವೆ. ಆದರೆ ಬ್ರೌಸರಿನ ದೃಷ್ಟಿಯಲ್ಲಿ ಅವು ಎರಡು ಭಿನ್ನ ಸ್ಥಾನಗಳು. ಪೋರ್ಟ್ ಸಂಖ್ಯೆ ಬದಲಾದರೂ ಹಾಗೆಯೇ. ಉಳಿಸದ ಕರಡನ್ನು ಬ್ರೌಸರು ವಿಳಾಸಕ್ಕನುಸಾರವಾಗಿ ಇಟ್ಟುಕೊಳ್ಳುವುದರಿಂದ, ವಿಳಾಸ ಬದಲಾದಾಗ ಕರಡು ನಷ್ಟವಾದಂತೆ ತೋರುತ್ತದೆ. ವಾಸ್ತವವಾಗಿ ಅದು ಹಳೆಯ ವಿಳಾಸದಡಿಯಲ್ಲಿ ಉಳಿದಿರುತ್ತದೆ. ಸರ್ವರಿಗೆ ಹಿಂದಿನ ವಿಳಾಸವನ್ನೇ ಕೊಟ್ಟು ಪುಟವನ್ನು ತೆರೆದರೆ ಅದು ಮರಳಿ ದೊರೆಯುವುದುಂಟು. ಆವರೆಗೆ ಬ್ರೌಸರಿನ ಸಂಗ್ರಹವನ್ನು ಅಳಿಸಕೂಡದು.

ನಾಲ್ಕನೆಯದು ಕನ್ನಡ ಲಿಪಿಗೆ ವಿಶೇಷವಾಗಿ ಸಂಬಂಧಿಸಿದ್ದು. ಯೂನಿಕೋಡ್ ಪದ್ಧತಿಯಲ್ಲಿ ‘ಗೋ’ ಎಂಬ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಸಮುದಾಯವಾಗಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಭೇದವುಂಟು. ಆದುದರಿಂದ ‘ಗೋಪಿನಾಥ ಬೆಟ್ಟ’ ಎಂಬ ಒಂದೇ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕದಲ್ಲಿರುವುದು ಸಾಧ್ಯ. ಪಾಠವು ಬದಲಾಗದಿದ್ದರೂ ಬದಲಾಗಿದೆಯೆಂದು ಹೋಲಿಕೆಯ ಸಾಧನಗಳು ಸಾರುವುದಕ್ಕೂ ಇದೇ ಕಾರಣ. ಈ ಎರಡು ರೂಪಗಳನ್ನು ಏಕರೂಪಕ್ಕೆ ತರುವ ನಿಯಮಗಳು ಯೂನಿಕೋಡಿನಲ್ಲಿಯೇ ಇವೆ. ಕಡತವನ್ನು ಉಳಿಸುವ ಮೊದಲು ಅವುಗಳನ್ನು ಅನ್ವಯಿಸಬೇಕು.

ಪರಿಹಾರ

ಈ ‘ಕಳೆದುಹೋದ ತಿದ್ದುಪಡಿ’ಯ ಸಮಸ್ಯೆಯನ್ನು ಡಬ್ಲ್ಯು೩ಸಿ ಸಂಸ್ಥೆಯ ೧೯೯೯ರ ಒಂದು ಟಿಪ್ಪಣಿಯು ಪ್ರತ್ಯೇಕವಾಗಿ ವಿವೇಚಿಸಿದೆ. ಅದರ ತತ್ತ್ವ ಸರಳವಾದುದು. ಸರ್ವರು ಕಡತವನ್ನು ಕೊಡುವಾಗ ಅದರ ಅಂದಿನ ರೂಪಕ್ಕೆ ‘ಈಟ್ಯಾಗ್’ ಎಂಬ ಒಂದು ಮುದ್ರೆಯನ್ನೂ ಕೊಡುತ್ತದೆ. ಉಳಿಸುವಾಗ ಬ್ರೌಸರಿನ ಪುಟವು ‘ಇಫ್-ಮ್ಯಾಚ್’ ಎಂಬ ನಿಬಂಧನೆಯೊಡನೆ ಆ ಮುದ್ರೆಯನ್ನು ಹಿಂದಿರುಗಿಸುತ್ತದೆ. ಸರ್ವರಿನ ಕಡತದ ಮುದ್ರೆ ಅದೇ ಆಗಿದ್ದರೆ ಮಾತ್ರ ಹೊಸ ಪಾಠವು ಸ್ವೀಕೃತವಾಗುತ್ತದೆ. ನಡುವೆ ಬೇರೊಬ್ಬರು ತಿದ್ದಿದ್ದರೆ ೪೧೨ ಎಂಬ ಸಂಖ್ಯೆಯೊಡನೆ ನಿರಾಕರಣೆ ಬರುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ೪೦೯ ಬರುತ್ತದೆ. ಮುದ್ರೆಗೆ ಬದಲಾಗಿ ಕಡತದ ಸಮಯವನ್ನು ನೆಚ್ಚುವುದು ಅಷ್ಟು ಕ್ಷೇಮಕರವಲ್ಲ. ಆ ಸಮಯವು ಸೆಕೆಂಡಿಗಿಂತ ಸೂಕ್ಷ್ಮವಲ್ಲವಾದುದರಿಂದ ಒಂದೇ ಸೆಕೆಂಡಿನೊಳಗಿನ ಎರಡು ತಿದ್ದುಪಡಿಗಳು ಒಂದೇ ಆಗಿ ತೋರುತ್ತವೆ.

ನಿರಾಕರಣೆ ಬಂದಾಗ ಪುಟವನ್ನು ಪುನಃ ತೆರೆಯುವುದಾಗಲಿ, ಬಲಾತ್ಕಾರದಿಂದ ಉಳಿಸುವುದಾಗಲಿ ಸಲ್ಲದು. ಮೊದಲನೆಯದರಿಂದ ತನ್ನ ತಿದ್ದುಪಡಿಯೂ ಎರಡನೆಯದರಿಂದ ಇತರರ ತಿದ್ದುಪಡಿಯೂ ನಷ್ಟವಾಗುತ್ತವೆ. ತನ್ನ ಪಾಠವನ್ನು ಬೇರೆ ಹೆಸರಿನಲ್ಲಿ ಪ್ರತ್ಯೇಕವಾಗಿ ಇರಿಸಿ, ಅನಂತರ ಸರ್ವರಿನ ಪಾಠವನ್ನು ಹೊಸದಾಗಿ ತರಬೇಕು.

ಎರಡನ್ನು ಕೂಡಿಸುವ ಬಗೆ ಪಾಠಸಂಪಾದಕರಿಗೆ ಪರಿಚಿತವಾದುದೇ. ಎರಡು ಪ್ರತಿಗಳು ಭಿನ್ನವಾದಾಗ ಅವೆರಡನ್ನೇ ನೋಡಿದರೆ ಯಾವುದು ತಿದ್ದಿದ್ದು, ಯಾವುದು ತಿದ್ದದಿರುವುದು ಎಂಬುದು ತಿಳಿಯದು. ಅವೆರಡಕ್ಕೂ ಮಾತೃಕೆಯಾದ ಪ್ರತಿ ಬೇಕು. ಮೇಲಿನ ನಿದರ್ಶನದಲ್ಲಿ ಹತ್ತು ಗಂಟೆಯ ಪಾಠವೇ ಮಾತೃಕೆ. ಅದರಿಂದ ಎರಡನೆಯ ಸಾಲಿನಲ್ಲಿ ಒಬ್ಬನೂ ಐದನೆಯ ಸಾಲಿನಲ್ಲಿ ಇನ್ನೊಬ್ಬನೂ ಬೇರೆಯಾಗಿರುವುದರಿಂದ ಎರಡು ತಿದ್ದುಪಡಿಗಳನ್ನೂ ಸ್ವೀಕರಿಸಬಹುದು. ಇಬ್ಬರೂ ಒಂದೇ ಅಕ್ಷರವನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಅದು ಯಂತ್ರದ ಪ್ರಶ್ನೆಯಲ್ಲ, ಪಾಠಾಂತರದ ಪ್ರಶ್ನೆ. ಶಾಸನದ ಅಚ್ಚನ್ನೋ ಹಸ್ತಪ್ರತಿಯನ್ನೋ ನೋಡಿ ವಿದ್ವಾಂಸರೇ ನಿರ್ಣಯಿಸಬೇಕು. ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ‘ಗಿಟ್’ ಮೊದಲಾದ ಸಾಧನಗಳು ದಾಖಲಿಸಿದ ಪ್ರತಿಯೊಂದು ಹಂತದ ಪಾಠವನ್ನೂ ಕಾಪಾಡುವುದರಿಂದ ಮಾತೃಕೆಯು ಕೈಗೆ ಸಿಗುತ್ತದೆ.

ವ್ಯವಹಾರದಲ್ಲಿ ಕೆಲವು ನಿಯಮಗಳು ಸಾಕಾಗುತ್ತವೆ. ಕಡತದ ಹೆಸರಿನಲ್ಲಿ ಸಂಪುಟ, ತಾಲ್ಲೂಕು, ಸಂಖ್ಯೆ ಮೂರೂ ಇರಬೇಕು. ಸರ್ವರಿಗೆ ಒಂದೇ ಸ್ಥಿರವಾದ ವಿಳಾಸವಿರಬೇಕು. ಒಂದು ಶಾಸನಕ್ಕೆ ಅಥವಾ ಒಂದು ಗರಿಗೆ ಒಂದು ಕಡತವೆಂಬಂತೆ ಚಿಕ್ಕದಾಗಿ ವಿಂಗಡಿಸಿದರೆ ಇಬ್ಬರು ಒಂದೇ ಕಡತದಲ್ಲಿ ಸೇರುವ ಪ್ರಸಂಗವೇ ವಿರಳವಾಗುತ್ತದೆ. ಉಳಿಸುವ ನಡುವೆ ವಿದ್ಯುತ್ತು ನಿಂತರೆ ಕಡತವು ಅರ್ಧವಾಗುವುದರಿಂದ, ಹೊಸ ಪಾಠವನ್ನು ತಾತ್ಕಾಲಿಕ ಹೆಸರಿನಲ್ಲಿ ಪೂರ್ಣವಾಗಿ ಬರೆದು ಅನಂತರ ಹೆಸರನ್ನು ಬದಲಿಸುವಂತೆ ಸರ್ವರನ್ನು ಅಣಿಗೊಳಿಸಬೇಕು. ದಿನದ ಕೊನೆಯಲ್ಲಿ ಎಲ್ಲ ಕಡತಗಳ ಒಂದು ಪ್ರತಿ ಬೇರೊಂದು ಯಂತ್ರಕ್ಕೆ ಹೋಗಬೇಕು.

ಧವಲೆಯ ಸಂಪಾದಕರಿಗೆ ಕಾಣದ ಪದವನ್ನು ಊಹಿಸುವ ಪಾಂಡಿತ್ಯವಿತ್ತು, ಊಹೆಯನ್ನು ಪರೀಕ್ಷಿಸಲು ತಾಳೆಗರಿಯೂ ಇತ್ತು. ಸರ್ವರಿನಲ್ಲಿ ಪೂರ್ವಪಾಠಗಳನ್ನು ಉಳಿಸಿಡದಿದ್ದರೆ ಮುಂದಿನ ಸಂಪಾದಕನಿಗೆ ಊಹೆಯೊಂದೇ ಉಳಿಯುತ್ತದೆ.