ಕಲ್ಲಿನ ಮೇಲೆ ಕಾಲಿಟ್ಟ ಮರದ ಚರ್ಚು

ಮಕ್ಕಳೇ, ರಾಯಚೂರಿನ ಹಳೇ ಓಣಿಯಲ್ಲೋ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಯಲ್ಲೋ ಹಳೆಯ ಮಾಳಿಗೆ ಮನೆ ಸಿಕ್ಕರೆ ಅದರ ಕಂಬದ ಬುಡ ನೋಡಿ. ಮರದ ಕಂಬ ಕಲ್ಲಿನ ಮೇಲೆ ನಿಂತಿರುತ್ತದೆ. ಯಾಕೆ ನೆಲದಲ್ಲಿ ಹೂಳಿಲ್ಲ ಎಂದು ತಾತನನ್ನು ಕೇಳಿ. “ತೇವ ತಾಗಿದ್ರ ಲಡ್ಡು ಹಿಡೀತದ, ಗೆದ್ದಲ ಹತ್ತತದ” ಎಂದಾರು.

ದೂರದ ನಾರ್ವೆ ದೇಶದ ಬಡಗಿಗಳೂ ಈ ಗುಟ್ಟು ಕಂಡುಕೊಂಡಿದ್ದರು. ಅಲ್ಲಿ ಮೊದಮೊದಲು ಕಂಬಗಳನ್ನು ನೆಲದಲ್ಲೇ ಹೂತು ಚರ್ಚು ಕಟ್ಟಿದರು. ಬುಡ ಕೊಳೆತು ಅವು ಹಾಳಾದವು. ಆಮೇಲೆ ಕಲ್ಲಿನ ಅಡಿಪಾಯದ ಮೇಲೆ ದಪ್ಪ ತೊಲೆ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿದರು. ಲಾರ್ಡಲ್ ಕಣಿವೆಯ ಬೋರ್ಗುಂಡ್ ಹಳ್ಳಿಯ ಚರ್ಚು ಹಾಗೆ ಕಟ್ಟಿದ್ದು. ಮರದೊಳಗಿನ ವರ್ಷದ ಉಂಗುರಗಳನ್ನು ಲೆಕ್ಕಹಾಕಿ, ಅದಕ್ಕೆ ಮರ ಕಡಿದದ್ದು 1180–81ರ ಚಳಿಗಾಲದಲ್ಲಿ ಎಂದು ಹೇಳುತ್ತಾರೆ. ನಮ್ಮಲ್ಲಿ ಅದು ವಚನಕಾರರ ಶತಮಾನ!

ಹಿಮ ಜಾರಿ ಬೀಳಲೆಂದು ಮಾಡುಗಳೆಲ್ಲ ಕಡಿದಾದ ಇಳಿಜಾರು, ಒಂದರ ಮೇಲೊಂದು. ತುದಿಯಲ್ಲಿ ಡ್ರ್ಯಾಗನ್ ತಲೆಗಳು. ಯೇಸುವಿನ ಗುಡಿಗೆ ಡ್ರ್ಯಾಗನ್ ಯಾಕೆ ಅಂತೀರಾ? ಆ ಜನ ಹಡಗಿನ ಮೂತಿಗೂ ಅಂಥದನ್ನೇ ಕೆತ್ತುತ್ತಿದ್ದರು. ಬಡಗಿಯ ಕೈ ಹಳೇ ರೂಢಿ ಬಿಡಲಿಲ್ಲವೇನೋ. ಮೈಗೆಲ್ಲ ಪೈನ್ ಮರದ ಬೇರು, ಬೊಡ್ಡೆ ಸುಟ್ಟು ಇಳಿಸಿದ ತಾರು, ಬಂಡಿಯ ಕೀಲೆಣ್ಣೆಯಷ್ಟೇ ಕಪ್ಪು. ಬಿಸಿಲು, ಮಳೆ ಅದನ್ನು ತಿನ್ನುತ್ತವೆ. ಮತ್ತೆ ಮತ್ತೆ ಹಚ್ಚಲೇಬೇಕು.

ಇಷ್ಟು ಜೋಪಾನ ಮಾಡಿದ್ದಕ್ಕೆ ಆಪತ್ತು ಬಂದದ್ದು ಮಳೆಯಿಂದಲ್ಲ, ಕಾನೂನಿನಿಂದ. ಊರಿನ ಹತ್ತು ಜನರಲ್ಲಿ ಮೂವರಿಗಾದರೂ ಚರ್ಚಿನಲ್ಲಿ ಜಾಗವಿರಬೇಕು ಎಂದು 1851ರಲ್ಲಿ ನಿಯಮವಾಯಿತು. ಚಿಕ್ಕ ಚರ್ಚುಗಳನ್ನು ಎಷ್ಟೋ ಊರಿನವರು ಕೆಡವಿ ದೊಡ್ಡದು ಕಟ್ಟಿಕೊಂಡರು. ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಇದ್ದಿರಬೇಕೆಂದು ಅಂದಾಜಿರುವ ಇಂಥ ಚರ್ಚುಗಳಲ್ಲಿ ನಾರ್ವೆಯಲ್ಲಿ ಈಗ ಉಳಿದಿರುವುದು 28. ಬೋರ್ಗುಂಡ್‌ನವರು 1868ರಲ್ಲಿ ಹೊಸದನ್ನು ಪಕ್ಕದಲ್ಲೇ ಕಟ್ಟಿದರು. ಹಳೆಯದನ್ನು 1877ರಲ್ಲಿ ಸ್ಮಾರಕಗಳನ್ನು ಕಾಯುವ ಸಂಘವೊಂದು ಕೊಂಡುಕೊಂಡಿತು. ಹಾಗಾಗಿ ಎರಡೂ ಇವೆ.

ನಾರ್ವೆಗೆ ಹೋಗುವುದು ಎಲ್ಲರಿಗೂ ಆಗದು. ಆದರೆ ಮೂಡುಬಿದಿರೆಗೆ ರಜೆಯಲ್ಲಿ ಹೋಗಬಹುದಲ್ಲ? ಅಲ್ಲಿನ ಸಾವಿರ ಕಂಬದ ಬಸದಿ 1430ರದು. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳು ಮರದವು, ಮಾಡುಗಳು ಒಂದರ ಮೇಲೊಂದು ಇಳಿಜಾರು. ಅಲ್ಲಿ ಜಾರಬೇಕಾದ್ದು ಹಿಮವಲ್ಲ, ಕರಾವಳಿಯ ಧೋ ಧೋ ಮಳೆ. ನಮ್ಮ ಕಡೆ ಮಳೆ ಕಡಿಮೆ, ಅದಕ್ಕೇ ಮಾಳಿಗೆ ಮಟ್ಟಸ; ಬೇಸಿಗೆ ರಾತ್ರಿ ಅದರ ಮೇಲೆ ಹಾಸಿಗೆ ಹಾಸಿ ಮಲಗಲೂ ಬರುತ್ತದೆ. ಬೋರ್ಗುಂಡ್ ಚರ್ಚಿನ ಮೇಲೆ ಮಲಗಿ ನೋಡಿ, ಡ್ರ್ಯಾಗನ್ ಹಿಡಿದುಕೊಂಡೇ ಮಲಗಬೇಕು!