ನಿಮಗಿದು ಗೊತ್ತೆ? ನೆಲ ಬಿರಿದದ್ದು ಇಥಿಯೋಪಿಯಾದಲ್ಲಿ, ಅಳೆದದ್ದು ಆಕಾಶದಿಂದ

ಇಥಿಯೋಪಿಯಾದ ಅಫಾರ್ ಮರುಭೂಮಿಯಲ್ಲಿ ಭೂಫಲಕಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್‌ನಷ್ಟು ದೂರ ಸರಿಯುತ್ತವೆ. ಆದರೆ 2005ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ದಬ್ಬಾಹು ಬಿರುಕು ವಲಯ ಕೆಲವೇ ವಾರಗಳಲ್ಲಿ 8 ಮೀಟರ್‌ವರೆಗೆ ಅಗಲವಾಯಿತು! ನೆಲದಡಿ ಸುಮಾರು 60 ಕಿ.ಮೀ. ಉದ್ದಕ್ಕೂ ಶಿಲಾಪಾಕ ನುಗ್ಗಿತ್ತು. ಅಷ್ಟೆಲ್ಲ ಆದರೂ ಮೇಲೆ ಕಂಡ ಸ್ಫೋಟ ತೀರಾ ಸಣ್ಣದು. ನಾಟಕವೆಲ್ಲ ನಡೆದದ್ದು ನೆಲದೊಳಗೇ.

ಲೆಕ್ಕ ಸಿಕ್ಕಿದ್ದು ಸುಮಾರು 800 ಕಿ.ಮೀ. ಎತ್ತರದಲ್ಲಿದ್ದ ಯುರೋಪಿನ ಎನ್ವಿಸ್ಯಾಟ್ ಉಪಗ್ರಹದಿಂದ. ಅದರ ರೇಡಾರ್ ಅಲೆಯ ಉದ್ದ 5.6 ಸೆಂ.ಮೀ. ಒಂದೇ ಜಾಗದ ಮೇಲೆ ಬೇರೆ ಬೇರೆ ದಿನ ಹಾಯ್ದಾಗ ಮರಳಿದ ಅಲೆಗಳನ್ನು ಹೋಲಿಸಿದರೆ ಕಾಮನಬಿಲ್ಲಿನಂಥ ಬಣ್ಣದ ಪಟ್ಟೆಗಳು ಮೂಡುತ್ತವೆ. ಒಂದು ಪೂರ್ಣ ಪಟ್ಟೆಯೆಂದರೆ ನೆಲ ಉಪಗ್ರಹದತ್ತ ಅಥವಾ ಅದರಿಂದ ಆಚೆಗೆ 2.8 ಸೆಂ.ಮೀ. ಸರಿದಿದೆ ಎಂದರ್ಥ. ಮೋಡವಿರಲಿ, ರಾತ್ರಿಯಿರಲಿ, ರೇಡಾರ್‌ಗೆ ಅಡ್ಡಿಯಿಲ್ಲ.

ತಮಾಷೆಯೆಂದರೆ, ದಬ್ಬಾಹುವಿನ ನಡುಭಾಗದಲ್ಲಿ ನೆಲ ವಿಪರೀತ ಸರಿದು ಪಟ್ಟೆಗಳೇ ಕಲಸಿಹೋದವು. ಅಲ್ಲಿ ವಿಜ್ಞಾನಿಗಳು ಎರಡು ರೇಡಾರ್ ಚಿತ್ರಗಳನ್ನು ಬಿಂದು ಬಿಂದುವಾಗಿ ಹೊಂದಿಸಿ ನೋಡಿದರು. ಬಿರುಕಿನ ಮಧ್ಯೆ ನೆಲ ಕುಸಿದಿತ್ತು, ಎರಡೂ ಅಂಚುಗಳು ಉಬ್ಬಿದ್ದವು.

ಇದೇ ಕೆಲಸಕ್ಕೆ ಈಗ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್ ಕೂಡ ಇದೆ. ಬೆಂಗಳೂರಿನಲ್ಲಿ ಜೋಡಣೆಯಾಗಿ, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇದು 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುತ್ತದೆ.